ಕೆಚ್ಚಲಿಗೆ ಹಾಕಿದ ಔಷಧವೂ ಕ್ಯಾನಿಗೆ ಸುರಿದ ಹಾಲೂ

ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಎಂದಿನಂತೆ ಹೆಪ್ಪು ಹಾಕಿ ಮುಚ್ಚಿಟ್ಟು, ಬೆಳಿಗ್ಗೆ ಮುಚ್ಚಳ ತೆಗೆದು ನೋಡುವಾಗ ಹಾಲು ಹಾಲಾಗಿಯೇ ಉಳಿದಿರುವದನ್ನು ನಮ್ಮ ವಾಚಕರಲ್ಲಿ ಅನೇಕರು ಒಂದಲ್ಲ ಒಂದು ಸಾರಿ ಕಂಡಿರಬಹುದು. ಮನೆಯ ಹಿರಿಯಳು ಹೆಪ್ಪು ಹಳೆಯದಾಯಿತೆಂದು ಹೇಳುವಳು. ಸೊಸೆಯು ಚಳಿ ಹೆಚ್ಚಾಯಿತೆಂದು ಹೇಳುವಳು. ನೆರೆಮನೆಯವಳು ಯಾರದೋ ದೃಷ್ಟಿ ತಾಕಿತೆಂದು ಹೇಳಿ ಹೋಗುವಳು. ಹೆಪ್ಪು ಹಳೆಯದಾದರೂ ಮೊಸರಾಗದೆ ಇರುವದುಂಟು, ಮಾರ್ಗಶಿರದ ಚಳಿಯಲ್ಲಿಯೂ ಹಾಗಾಗುವದುಂಟು. ದೃಷ್ಟಿಯ ವಿಷಯವನ್ನು ನಾವು ಇಲ್ಲಿಗೇ ಬಿಡುತ್ತೇವೆ. ಆದರೆ ಇವುಗಳ ಹೊರತು ಮತ್ತೊಂದು ಕಾರಣವುಂಟು. ಅದನ್ನು ಯಾರೂ ಬೇಕೆಂದು ಮಾಡಿರುವದಿಲ್ಲ. ಅನೇಕ ಮನೆಗಳಲ್ಲಿ ಅದು ನಡೆದದ್ದೂ ಗೊತ್ತಾಗುವದಿಲ್ಲ. ಈ ಪಾಠದಲ್ಲಿ ಅದನ್ನೇ ವಿಚಾರಿಸೋಣ.

ಹಾಲು ಮೊಸರಾಗುವದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಕೆಲಸದಿಂದ. ಒಂದು ಚಮಚ ಹೆಪ್ಪಿನೊಳಗೆ ಅವು ಕೋಟಿಗಟ್ಟಲೆ ಇರುತ್ತವೆ. ಹಾಲಿನೊಳಗಿನ ಸಕ್ಕರೆಯನ್ನು ತಿಂದು ಹುಳಿಯನ್ನು ಹುಟ್ಟಿಸುತ್ತವೆ. ಆ ಹುಳಿಯಿಂದ ಹಾಲು ಗಟ್ಟಿಯಾಗುತ್ತದೆ. ಎಮ್ಮೆಯ ಕೆಚ್ಚಲು ಬಾತು ಕೀವು ಕಟ್ಟುವದೂ ಸೂಕ್ಷ್ಮಜೀವಿಗಳಿಂದಲೇ. ಆದರೆ ಇವು ಬೇರೆ ಜಾತಿಯವು, ಕೇಡು ಮಾಡುವಂಥವು. ಇವುಗಳನ್ನು ಕೊಲ್ಲುವದಕ್ಕೆ ಅಥವಾ ಬೆಳೆಯದಂತೆ ತಡೆಯುವದಕ್ಕೆ ಕೊಡುವ ಔಷಧಗಳಿಗೆ ಆಂಟಿಬಯಾಟಿಕ್ ಎಂದು ಹೆಸರು. ಅವುಗಳಲ್ಲಿ ಪ್ರಸಿದ್ಧವಾದ ಪೆನಿಸಿಲಿನ್ ಔಷಧವನ್ನು 1928ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವೈದ್ಯರು ಒಂದು ಬೂಷ್ಟಿನಲ್ಲಿ ಕಂಡುಹಿಡಿದರು. ಮನುಷ್ಯರಿಗೂ ದನಗಳಿಗೂ ಅದರಿಂದ ಆದ ಉಪಕಾರ ಬಹು ದೊಡ್ಡದು. ಆದರೆ ಔಷಧಕ್ಕೆ ಒಳ್ಳೆಯ ಜೀವಿ ಯಾವದು, ಕೆಟ್ಟ ಜೀವಿ ಯಾವದು ಎಂಬ ವಿವೇಕವಿರುವದಿಲ್ಲ. ಕೆಚ್ಚಲಿಗೆ ಹಾಕಿದ್ದು ಹಾಲಿನ ಸಂಗಡ ಹೊರಗೆ ಬರುತ್ತದೆ, ಬಂದು ಹೆಪ್ಪಿನ ಜೀವಿಗಳನ್ನೂ ಕೊಲ್ಲುತ್ತದೆ. ಯುರೋಪ ಖಂಡದಲ್ಲಿಯೂ ಅಮೇರಿಕದಲ್ಲಿಯೂ ಹಸುಗಳಿಗೆ ಪೆನಿಸಿಲಿನ್ ಕೊಡಲಾರಂಭಿಸಿದ ಹೊಸದರಲ್ಲಿ ಈ ತೊಂದರೆಯ ವಿಷಯವಾಗಿ ಮೊದಲು ದೂರಿದವರು ಚೀಸು ಮಾಡುವವರು. ಅವರ ಹೆಪ್ಪು ಕೆಲಸ ಮಾಡದೆ ಹೋಯಿತು. ನಮ್ಮ ಅಜ್ಜಿಯ ಮೊಸರಿನ ಗಡಿಗೆಯೂ ಅವರ ಚೀಸಿನ ತೊಟ್ಟಿಯೂ ಒಂದೇ ಸಾಕ್ಷಿ ಹೇಳುತ್ತವೆ.

ಆದಾಗ್ಯೂ ಮೊಸರು ಚೆನ್ನಾಗಿ ಆಯಿತೆಂದರೆ ಹಾಲಿನಲ್ಲಿ ಔಷಧವಿಲ್ಲವೆಂದು ತಿಳಿಯಕೂಡದು. ಔಷಧವು ಸ್ವಲ್ಪವೇ ಇದ್ದರೆ ಹೆಪ್ಪು ತಡೆದುಕೊಳ್ಳುವದು, ಆದರೂ ಆ ಸ್ವಲ್ಪವು ಕಾನೂನಿನ ಮಿತಿಗಿಂತ ಹೆಚ್ಚಾಗಿರಬಹುದು.

ಉಣಕಲ್ಲಿನ ಸಂಗತಿಯನ್ನೇ ತೆಗೆದುಕೊಳ್ಳೋಣ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯಲ್ಲಿ ದೊಡ್ಡ ಕೆರೆಯ ಬದಿಯಲ್ಲಿರುವ ಈ ಊರು ಈಗ ಮಹಾನಗರದೊಳಗೆ ಸೇರಿಹೋಗಿದೆ. ಈ ಸೀಮೆಯಲ್ಲಿ ಎಮ್ಮೆಯ ಹಾಲಿಗೆ ಇರುವ ಮಾನವನ್ನು ಹೊರಗಿನವರಿಗೆ ತಿಳಿಸಿ ಹೇಳುವದು ಕಷ್ಟ. ಧಾರವಾಡದ ಫೇಡೆಯ ಹೆಸರು ದೂರದೂರಕ್ಕೆ ಹಬ್ಬಿರುವದು ಈ ಹಾಲಿನಿಂದ. ಅರ್ಧಚಂದ್ರದ ಹಾಗೆ ಬಾಗಿದ ಕೊಂಬಿನ ನಮ್ಮ ಎಮ್ಮೆಯು 2021ರಲ್ಲಿ ಧಾರವಾಡಿ ಎಂಬ ಪ್ರತ್ಯೇಕ ತಳಿಯಾಗಿ ರಾಷ್ಟ್ರದ ಪಟ್ಟಿಯಲ್ಲಿ ದಾಖಲಾಯಿತು. ಇಲ್ಲಿಯಂಥ ಊರುಗಳ ಹಾಲು ಮೂರು ದಾರಿ ಹಿಡಿಯುತ್ತದೆ. ಸ್ವಲ್ಪವು ಗೌಳಿಗರ ಕೈಯಿಂದ ನೇರವಾಗಿ ಪಟ್ಟಣದ ಮನೆಗಳಿಗೂ ಚಹದ ಅಂಗಡಿಗಳಿಗೂ ಹೋಗುತ್ತದೆ. ಸ್ವಲ್ಪವು ಖೋವಾ ಕಾಯಿಸುವವರ ಕಡಾಯಿಗೆ ಬೀಳುತ್ತದೆ. ಉಳಿದದ್ದು ಸಹಕಾರ ಸಂಘಗಳ ಮೂಲಕ ಧಾರವಾಡದ ಹಾಲು ಒಕ್ಕೂಟಕ್ಕೆ ಮುಟ್ಟಿ ನಂದಿನಿ ಎಂಬ ಹೆಸರಿನಿಂದ ಮಾರಾಟವಾಗುತ್ತದೆ. ರಾಜ್ಯದ ಒಕ್ಕೂಟಗಳ ಹಾಲು ಪುಡಿಯಾಗಿ ಶಾಲೆಗಳಿಗೂ ಹೋಗುತ್ತದೆ. 2013ನೆಯ ಆಗಸ್ಟ್ ತಿಂಗಳಲ್ಲಿ ಕ್ಷೀರಭಾಗ್ಯ ಯೋಜನೆ ಪ್ರಾರಂಭವಾದಂದಿನಿಂದ ಸರಕಾರಿ ಶಾಲೆಯ ಮಕ್ಕಳು ಅದನ್ನು ಕುಡಿಯುತ್ತಾ ಬಂದಿದ್ದಾರೆ. ಹೀಗಿರಲಾಗಿ ನಸುಕಿನಲ್ಲಿ ಹಿಂಡಿದ ಒಂದು ತಂಬಿಗೆ ಹಾಲು ಯಾವ ಕೂಸಿನ ಬಾಯಿಗೆ ಹೋಗುವದೆಂದು ಹಿಂಡಿದವಳು ಹೇಳಲಾರಳು.

ಈಗ ಒಂದು ಮನೆಯನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ನಾಲ್ಕು ಎಮ್ಮೆಗಳಿವೆ. ಒಂದರ ಕೆಚ್ಚಲಿನ ಬಲಭಾಗ ಬಾತು ಬಿಸಿಯಾಗಿದೆ, ಹಾಲಿನಲ್ಲಿ ಮೊಸರಿನಂಥ ತುಣುಕುಗಳು ಬರುತ್ತಿವೆ. ಮಧ್ಯಾಹ್ನ ಮನೆಯ ಯಜಮಾನನು ವೈದ್ಯರನ್ನು ಕರತಂದು ಸೂಜಿ ಹಾಕಿಸುತ್ತಾನೆ, ಮೊಲೆಯೊಳಗೆ ಕೊಳವೆಯ ಔಷಧವನ್ನೂ ಹಾಕಿಸುತ್ತಾನೆ. ವೈದ್ಯರು ಇಷ್ಟು ದಿವಸ ಹಾಲನ್ನು ಉಪಯೋಗಿಸಬೇಡಿರಿ ಎಂದು ಹೇಳಿ ಹೋಗುತ್ತಾರೆ. ಯಜಮಾನನು ಕೇಳಿಸಿಕೊಂಡನು, ಆದರೆ ಆ ಸಾಯಂಕಾಲ ಅವನು ಬೀಗರ ಊರಿಗೆ ಹೋಗಬೇಕಾಯಿತು. ಸಂಜೆಗೆ ಹಿಂಡಿದವಳು ಸೊಸೆ. ಅವಳು ಬೆಳಿಗ್ಗೆಯಿಂದ ಹೊಲದಲ್ಲಿದ್ದವಳು. ಎಮ್ಮೆಯ ಬಾವು ಇಳಿದಿರುವದನ್ನು ಕಂಡು ಸಂತೋಷಪಟ್ಟು ನಾಲ್ಕೂ ಎಮ್ಮೆಗಳ ಹಾಲನ್ನು ಒಂದೇ ಬಕೀಟಿಗೆ ಹಿಂಡಿದಳು. ಹಾಲನ್ನು ಸೈಕಲ್ಲಿನ ಮೇಲೆ ಸಂಘಕ್ಕೆ ಒಯ್ದವನು ಮೊಮ್ಮಗ. ಅಲ್ಲಿ ಅಳೆದುಕೊಂಡವನು ಜಿಡ್ಡನ್ನು ನೋಡಿದನು, ಚೀಟಿ ಬರೆದುಕೊಟ್ಟನು. ಈ ನಾಲ್ವರಲ್ಲಿ ಯಾರು ತಪ್ಪಿತಸ್ಥರು? ಮೋಸ ಮಾಡಬೇಕೆಂದು ಒಬ್ಬನಾದರೂ ನೆನಸಲಿಲ್ಲ. ತಿಳಿದವನ ಕೈ ಬೇರೆ, ಹಿಂಡಿದ ಕೈ ಬೇರೆ, ಇಷ್ಟೇ. ಔಷಧವು ಹಾಲಿಗೆ ಬೀಳುವ ಸಂದರ್ಭಗಳನ್ನು ಶೋಧಿಸಿ ನೋಡಿದರೆ ಬಹಳ ಸಾರಿ ಹೀಗೆಯೇ ಇರುತ್ತದೆ. ಆದಕಾರಣ ಇದಕ್ಕೆ ಪರಿಹಾರವನ್ನು ಔಷಧದಂಗಡಿಯಲ್ಲಿ ಅಲ್ಲ, ಮನೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತಿನಲ್ಲಿ ಹುಡುಕಬೇಕು.

ಒಂದು ಎಮ್ಮೆಯ ಹಾಲಿನಿಂದ ಅಷ್ಟು ದೊಡ್ಡ ಕೇಡಾಗುವದೋ ಎಂದು ಕೆಲವರು ಕೇಳುವರು. ಲೆಕ್ಕ ಮಾಡಿ ನೋಡೋಣ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಂಡಳಿಯವರು ಒಂದು ಕಿಲೋ ಹಾಲಿನಲ್ಲಿ ಪೆನಿಸಿಲಿನ್ 4 ಮೈಕ್ರೋಗ್ರಾಂ ಮೀರಕೂಡದೆಂದು ನಿಶ್ಚಯಿಸಿದ್ದಾರೆ. ಒಂದು ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರೋಗ್ರಾಂ ಎನ್ನುತ್ತಾರೆ. ಮೊಲೆಗೆ ಹಾಕಿದ ಒಂದು ಕೊಳವೆಯಲ್ಲಿ 300 ಮಿಲಿಗ್ರಾಂ ಪೆನಿಸಿಲಿನ್ ಇತ್ತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿರಿ. ಅದರ ನೂರರಲ್ಲಿ ಒಂದೇ ಪಾಲು, ಅಂದರೆ 3 ಮಿಲಿಗ್ರಾಂ, ಹಾಲಿನಲ್ಲಿ ಬಂದರೂ ಅದು 750 ಕಿಲೋ ಹಾಲನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುವದು. ಔಷಧ ಹಾಕಿದ ನಂತರದ ಮೊದಲ ಹಿಂಡಿಕೆಯಲ್ಲಿ ಬರುವ ಪಾಲಾದರೋ ನೂರಕ್ಕೆ ಒಂದಕ್ಕಿಂತ ಬಹಳ ಹೆಚ್ಚು. ಹೀಗೆ ಸೊಸೆಯ ಒಂದು ಬಕೀಟು ಇಡೀ ಊರಿನ ಹಾಲನ್ನು ಕೆಡಿಸಬಲ್ಲದು. ನೀರು ಬೆರಸಿದ ಹಾಲಿನಲ್ಲಿ ನೀರಿಗೆ ತಕ್ಕಷ್ಟೇ ದೋಷ; ಇಲ್ಲಿ ಹಾಗಲ್ಲ.

ಹಾಲನ್ನು ಕಾಯಿಸಿದರೆ ಔಷಧವು ಸುಟ್ಟುಹೋಗುವದೆಂದು ನಂಬುವವರು ಬಹು ಮಂದಿ ಇದ್ದಾರೆ. ಕಾಯಿಸುವದರಿಂದ ಕ್ಷಯ ಮೊದಲಾದ ರೋಗಗಳ ಜೀವಿಗಳು ಸಾಯುತ್ತವೆಂಬದು ಸತ್ಯ, ಆ ಅಭ್ಯಾಸವನ್ನು ಬಿಡಕೂಡದು. ಆದರೆ ಪೆನಿಸಿಲಿನ್ ಜೀವಿಯಲ್ಲ, ಸಾಯುವದಕ್ಕೆ. ಒಲೆಯ ಮೇಲಿನ ಕಾವಿಗೆ ಅದು ಸ್ವಲ್ಪ ಕಡಿಮೆಯಾಗಬಹುದೇ ಹೊರತು ಪೂರ್ತಿಯಾಗಿ ನಾಶವಾಗುವದಿಲ್ಲ. ಡೇರಿಯಲ್ಲಿ ಹಾಲನ್ನು ಬಿಸಿಮಾಡಿ ತಂಪುಮಾಡುವ ಕ್ರಮದಿಂದಲೂ, ಹಾಲನ್ನು ಒಣಗಿಸಿ ಪುಡಿಮಾಡುವದರಿಂದಲೂ ಅದರ ಬಹುಪಾಲು ಉಳಿದೇ ಇರುತ್ತದೆ.

ಇದರಿಂದ ಕುಡಿದವರಿಗೆ ಆಗುವದೇನು? ಕೆಲವರ ಮೈಗೆ ಪೆನಿಸಿಲಿನ್ ಒಗ್ಗುವದಿಲ್ಲ. ಅಂಥವರಿಗೆ ಅಲ್ಪ ಪ್ರಮಾಣದಿಂದಲೂ ಮೈಮೇಲೆ ದದ್ದುಗಳೇಳುವದುಂಟು, ಅಪರೂಪವಾಗಿ ಉಸಿರು ಕಟ್ಟುವ ಸ್ಥಿತಿಗೂ ಬರಬಹುದು. ಎರಡನೆಯ ಕೇಡು ಕಣ್ಣಿಗೆ ಕಾಣದಂಥದ್ದು, ಆದರೆ ಅದೇ ಹೆಚ್ಚಿನದು. ಜೀವಿಗಳನ್ನು ಕೊಲ್ಲುವದಕ್ಕೆ ಸಾಲದಷ್ಟು ಔಷಧವು ಅವುಗಳಿಗೆ ಮುಟ್ಟಿದರೆ ಬಲವಿಲ್ಲದವು ಸತ್ತು, ತಡೆಯುವಂಥವು ಉಳಿದು ಹೆಚ್ಚುತ್ತವೆ. 1945ರ ಡಿಸೆಂಬರದಲ್ಲಿ ನೊಬೆಲ್ ಬಹುಮಾನ ಪಡೆದು ಮಾತಾಡುವಾಗ ಫ್ಲೆಮಿಂಗರು ತಾವೇ ಈ ಅಪಾಯದ ವಿಷಯವಾಗಿ ಲೋಕವನ್ನು ಎಚ್ಚರಿಸಿದ್ದರು. ಹೀಗೆ ಗಟ್ಟಿಯಾದ ಜೀವಿಯು ಮುಂದೆ ಒಂದು ದಿನ ಬಾಣಂತಿಗೋ ಕೂಸಿಗೋ ಜ್ವರವಾಗಿ ಬಂದಾಗ ಆಸ್ಪತ್ರೆಯ ಔಷಧವು ನಾಟುವದಿಲ್ಲ. ಇದರ ದೆಸೆಯಿಂದಲೇ ಮನುಷ್ಯರಿಗೆ ಕಡೆಯ ಆಸರೆಯಾಗಿರುವ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಕೂಡದೆಂದು ಭಾರತ ಸರಕಾರವು 2019ನೆಯ ಜುಲೈ ತಿಂಗಳಲ್ಲಿ ನಿಷೇಧಿಸಿತು.

ದೇಶದ ಆಹಾರ ಸುರಕ್ಷತೆಯ ಪ್ರಾಧಿಕಾರದವರು 2018ರಲ್ಲಿ ಊರೂರುಗಳಿಂದ 6,432 ಹಾಲಿನ ಮಾದರಿಗಳನ್ನು ತರಿಸಿ ಪರೀಕ್ಷಿಸಿದರು. ಅವುಗಳಲ್ಲಿ 77 ಮಾದರಿಗಳಲ್ಲಿ ಆಂಟಿಬಯಾಟಿಕ್ ಮಿತಿ ಮೀರಿತ್ತು. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಇದು ಎದೆಗುಂದುವ ಸಂಖ್ಯೆಯಲ್ಲ. ಹಾಲು ಕುಡಿಯುವದನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಕ್ಯಾನಿನಿಂದ ತೊಟ್ಟಿಗೂ ತೊಟ್ಟಿಯಿಂದ ಟ್ಯಾಂಕರಿಗೂ ಬೆರೆಯುತ್ತಾ ಹೋಗುವ ವಸ್ತುವಿನಲ್ಲಿ ನೂರಕ್ಕೆ ಒಂದು ಎಂಬದು ಅಲ್ಪವೂ ಅಲ್ಲ.

ಇನ್ನು ಮಾಡತಕ್ಕದ್ದೇನು? ಔಷಧದ ಪೊಟ್ಟಣದ ಮೇಲೆ, ಅಥವಾ ಅದರೊಳಗಿನ ಕಾಗದದಲ್ಲಿ, ಕಡೆಯ ಸಾರಿ ಔಷಧ ಕೊಟ್ಟ ತರುವಾಯ ಎಷ್ಟು ಹೊತ್ತಿನ ವರೆಗೆ ಹಾಲನ್ನು ಉಪಯೋಗಿಸಕೂಡದೆಂದು ಅಚ್ಚು ಮಾಡಿರುತ್ತಾರೆ. ಔಷಧದಿಂದ ಔಷಧಕ್ಕೆ ಈ ಅವಧಿಯು ಬೇರೆಯಾಗಿರುವದರಿಂದ ನೆರೆಮನೆಯವರ ಎಮ್ಮೆಗೆ ಮೂರು ದಿನ ಸಾಕಾಯಿತೆಂದು ನಾವೂ ಮೂರೇ ದಿನ ಬಿಡುವದು ಸರಿಯಲ್ಲ. ಕಾಗದದ ಅಕ್ಷರಗಳು ಸಣ್ಣವಾಗಿದ್ದು ಬಹಳ ಸಾರಿ ಪರಭಾಷೆಯಲ್ಲಿರುವದರಿಂದ, ಸೂಜಿ ಹಾಕಿದ ವೈದ್ಯರನ್ನೇ ಕೇಳಿ ಅವರ ಕೈಯಿಂದ ದಿನವನ್ನೂ ಹೊತ್ತನ್ನೂ ಬರೆಯಿಸಿಕೊಳ್ಳುವದು ಲೇಸು. ಹೇಳದಿದ್ದರೆ ಕೇಳಲಿಕ್ಕೆ ಸಂಕೋಚಪಡಬಾರದು. ಹಣ ಕೊಟ್ಟವರಿಗೆ ಕೇಳುವ ಹಕ್ಕುಂಟು.

ಈ ಲೆಕ್ಕದಲ್ಲಿ ಜನರು ಎಡವುವದನ್ನು ನಾವು ಬಲ್ಲೆವು. ಮೂರು ದಿವಸ ಸೂಜಿ ಹಾಕಿಸಿದ್ದರೆ ಕೆಲವರು ಮೊದಲನೆಯ ಸೂಜಿಯಿಂದ ಎಣಿಸುತ್ತಾರೆ, ಎಣಿಸಬೇಕಾದದ್ದು ಕಡೆಯದರಿಂದ. ದೃಷ್ಟಾಂತಕ್ಕಾಗಿ, ಅವಧಿಯು 72 ತಾಸು ಎಂದೂ, ಕಡೆಯ ಔಷಧವು ಸೋಮವಾರ ಸಂಜೆ ಆರು ತಾಸಿಗೆ ಹಿಂಡಿದ ಮೇಲೆ ಹಾಕಿದ್ದೆಂದೂ ಇಟ್ಟುಕೊಳ್ಳಿರಿ. ಮಂಗಳವಾರ ಎರಡು ಹೊತ್ತು, ಬುಧವಾರ ಎರಡು ಹೊತ್ತು, ಗುರುವಾರ ಬೆಳಿಗ್ಗೆ, ಇಷ್ಟು ಹಾಲನ್ನು ಚೆಲ್ಲಲೇಬೇಕು. ಅವಧಿಯು ತೀರುವದು ಗುರುವಾರ ಸಂಜೆ ಆರಕ್ಕೆ. ಅವಸರದಿಂದ ಐದೂವರೆಗೆ ಹಿಂಡಿದರೆ ಅದು ಇನ್ನೂ ಅವಧಿಯ ಒಳಗಿನದೇ. ಆದದರಿಂದ ಆ ಸಂಜೆಯ ಹಾಲನ್ನೂ ಬಿಟ್ಟು ಶುಕ್ರವಾರ ಬೆಳಿಗ್ಗೆಯಿಂದ ಕ್ಯಾನಿಗೆ ಹಾಕುವದು ನಿರ್ಭಯವಾದ ಮಾರ್ಗ. ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ಔಷಧ ಹಾಕಿದರೆ, ಅಥವಾ ಬೇಗ ವಾಸಿಯಾಗಲೆಂದು ಮತ್ತೊಂದು ಔಷಧವನ್ನು ಕೂಡಿಸಿದರೆ ಪೊಟ್ಟಣದ ಮೇಲಿನ ಅವಧಿಯು ಕೆಲಸಕ್ಕೆ ಬಾರದು. ಬಾವು ಇಳಿಯಿತೆಂದು ಔಷಧವನ್ನು ನಡುವೆ ನಿಲ್ಲಿಸುವದೂ ತಪ್ಪೇ. ಅದರ ಫಲವನ್ನು ಮೇಲೆ ಹೇಳಿದ್ದೇವೆ.

ಮತ್ತೊಂದು ತಪ್ಪು ತಿಳುವಳಿಕೆಯುಂಟು. ಒಂದು ಮೊಲೆಗೆ ಮಾತ್ರ ಔಷಧ ಹಾಕಿದೆ, ಮಿಕ್ಕ ಮೂರು ಮೊಲೆಗಳ ಹಾಲು ಒಳ್ಳೆಯದು ಎಂದು ಹೇಳಿ ಅವುಗಳನ್ನು ಹಿಂಡಿಕೊಳ್ಳುವವರಿದ್ದಾರೆ. ನಾಲ್ಕು ಭಾಗಗಳು ಬೇರೆ ಬೇರೆಯೇ ಸರಿ. ಆದರೆ ಔಷಧವು ರಕ್ತದಲ್ಲಿ ಸೇರಿ ಉಳಿದ ಭಾಗಗಳಿಗೂ ಹೋಗುತ್ತದೆ. ನಾಲ್ಕರ ಹಾಲನ್ನೂ ಬಿಡಬೇಕು. ಗರ್ಭಕೋಶದೊಳಗೆ ಹಾಕುವ ಔಷಧ, ಗಾಯಕ್ಕೆ ಹಚ್ಚುವ ಮುಲಾಮು, ಬಾಯಿಯಿಂದ ಕುಡಿಸುವದು, ಇವುಗಳ ವಿಷಯದಲ್ಲಿಯೂ ವೈದ್ಯರನ್ನು ಕೇಳದೆ ಹಾಲನ್ನು ಮಾರಕೂಡದು. ಹಾಲು ಬತ್ತಿಸುವ ಕಾಲದಲ್ಲಿ ಮೊಲೆಗೆ ತುಂಬುವ ಔಷಧವಂತೂ ವಾರಗಟ್ಟಲೆ ನಿಲ್ಲುವದಕ್ಕಾಗಿಯೇ ಮಾಡಿದ್ದು. ಎಮ್ಮೆಯು ನೆನಸಿದ್ದಕ್ಕಿಂತ ಮುಂಚಿತವಾಗಿ ಈದರೆ ಆ ಔಷಧ ಇನ್ನೂ ಕೆಚ್ಚಲಿನಲ್ಲಿ ಇದ್ದೇ ಇರುವದು. ಆಗ ಗಿಣ್ಣ ಮಾಡಿ ನೆರೆಹೊರೆಗೆ ಹಂಚುವ ಮೊದಲು ಔಷಧ ತುಂಬಿದ ತಾರೀಖನ್ನು ನೋಡಿರಿ. ಸಂತೆಯಿಂದ ಹೊಸದಾಗಿ ಎಮ್ಮೆ ತಂದಾಗ ಮಾರಿದವನು ಯಾವ ಔಷಧ ಹಾಕಿದ್ದನೆಂದು ಕೇಳಿರಿ; ಸರಿಯಾದ ಉತ್ತರ ಸಿಗದಿದ್ದರೆ ಅದರ ಹಾಲನ್ನು ಸಂಘದಲ್ಲಿ ಪರೀಕ್ಷಿಸದೆ ಬೆರಸಬೇಡಿರಿ.

ಈಗ ಸೊಸೆಯ ಬಕೀಟಿಗೆ ತಿರಿಗಿ ಬರೋಣ. ಬಾಯಿಮಾತು ಮರೆತುಹೋಗುವದು, ಆದದರಿಂದ ಎಮ್ಮೆಯೇ ಮಾತಾಡುವ ಹಾಗೆ ಮಾಡಬೇಕು. ಸೂಜಿ ಹಾಕಿದ ಕೂಡಲೆ, ವೈದ್ಯರು ಅಂಗಳದಿಂದ ಹೊರಡುವದಕ್ಕೆ ಮುಂಚೆ, ಹಿಂಗಾಲಿಗೆ ಒಂದು ಕೆಂಪು ಬಟ್ಟೆಯ ಪಟ್ಟಿಯನ್ನು ಕಟ್ಟಿರಿ. ಕೊರಳಿಗಲ್ಲ; ಹಿಂಡುವವಳು ಕೂತುಕೊಳ್ಳುವದು ಕಾಲಿನ ಹತ್ತರ, ಅವಳ ಕಣ್ಣಿಗೆ ಅದೇ ಮೊದಲು ಬೀಳುವದು. ಗೋದಲಿಯ ಮೇಲಿನ ಗೋಡೆಯಲ್ಲಿ ಇದ್ದಲಿಯಿಂದಲೋ ಸುಣ್ಣದಿಂದಲೋ ಔಷಧದ ಹೆಸರು, ಕಡೆಯ ಔಷಧದ ದಿನ, ಹಾಲು ಕೊಡಬಹುದಾದ ದಿನ, ಇವು ಮೂರನ್ನು ಬರೆದಿಡಿರಿ. ಓದು ಬಾರದವರಿರುವ ಮನೆಯಲ್ಲಿ ಬಿಡಬೇಕಾದ ಹೊತ್ತುಗಳಷ್ಟು ಗೀರುಗಳನ್ನು ಎಳೆದು, ಒಂದೊಂದು ಹೊತ್ತು ಹಿಂಡಿ ಚೆಲ್ಲಿದಾಗ ಒಂದೊಂದನ್ನು ಅಳಿಸಿದರಾಯಿತು. ಕೆಂಪು ಪಟ್ಟಿಯನ್ನು ಬಿಚ್ಚುವ ಅಧಿಕಾರವು ಒಬ್ಬರಿಗೇ ಇರಲಿ. ಮನೆಯಲ್ಲಿ ಮದುವೆಯೋ ಜಾತ್ರೆಯೋ ಇದ್ದು ಹಿಂಡಲಿಕ್ಕೆ ಬೇರೆಯವರು ಬರುವ ದಿನಗಳಲ್ಲಿ ಇಂಥ ತಪ್ಪುಗಳು ಹೆಚ್ಚು. ಬಂದವರಿಗೆ ಕೆಂಪು ಪಟ್ಟಿಯ ಅರ್ಥವನ್ನು ಮೊದಲು ತಿಳಿಸಬೇಕು.

ಪಟ್ಟಿ ಕಟ್ಟಿದ ಎಮ್ಮೆಯನ್ನು ಎಲ್ಲಕ್ಕಿಂತ ಕಡೆಯಲ್ಲಿ, ಬೇರೆ ಪಾತ್ರೆಗೆ ಹಿಂಡಬೇಕು. ಆ ಪಾತ್ರೆಯು ಮಿಕ್ಕ ಹಾಲಿಗೆ ಬಾರದಿರಲಿ. ಹಿಂಡಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಹಿಂಡುವ ಯಂತ್ರವಿದ್ದರೆ ಅದರ ಕೊಳವೆಗಳನ್ನೂ ತೊಳೆಯಬೇಕು, ಒಳಗೆ ನಿಂತ ಅರ್ಧ ಸೇರು ಹಾಲೂ ಸಾಕು. ಬಿಟ್ಟ ಹಾಲನ್ನು ಕರುವಿಗೆ ಕುಡಿಸುವದು ಉಳಿತಾಯವೆಂದು ತೋರುವದು, ಆದರೆ ಕರುವಿನ ಹೊಟ್ಟೆಯಲ್ಲಿಯೇ ಔಷಧಕ್ಕೆ ಬಗ್ಗದ ಜೀವಿಗಳು ಬೆಳೆಯಲಿಕ್ಕೆ ಅದು ದಾರಿ. ಕೆರೆಗಾಗಲಿ ಗಟಾರಕ್ಕಾಗಲಿ ಸುರಿಯದೆ, ಬಾವಿಗೆ ದೂರವಾಗಿ ಒಂದು ಕುಣಿ ತೋಡಿ ಅದರಲ್ಲಿ ಚೆಲ್ಲಿ ಮಣ್ಣು ಮುಚ್ಚಿರಿ.

ಕೆಚ್ಚಲುಬಾವೇ ಬಾರದಿದ್ದರೆ ಈ ತೊಂದರೆಗಳೆಲ್ಲಾ ಬಹುಮಟ್ಟಿಗೆ ಇಲ್ಲ. ಹಿಂಡಿದ ಕೂಡಲೆ ಮೊಲೆಯ ತೂತು ಸ್ವಲ್ಪ ಹೊತ್ತು ತೆರೆದಿರುತ್ತದೆ. ಆಗ ಎಮ್ಮೆಯು ಸಗಣಿಯ ಮೇಲೆ ಮಲಗಿದರೆ ರೋಗವು ಒಳಗೆ ಹೋಗುತ್ತದೆ. ಮೇವನ್ನು ಹಿಂಡಿದ ಮೇಲೆ ಹಾಕಿರಿ, ಅರ್ಧ ತಾಸು ನಿಂತು ತಿನ್ನುವದು. ಹೆಬ್ಬೆರಳನ್ನು ಮಡಿಚಿ ಒತ್ತದೆ ಪೂರ್ತಿ ಮುಷ್ಟಿಯಿಂದ ಹಿಂಡಿರಿ. ದಿನಾಲು ಮೊದಲನೆಯ ಧಾರೆಯನ್ನು ಒಂದು ಕಪ್ಪು ಬಟ್ಟೆಯ ಮೇಲೆ ಬಿಟ್ಟು ನೋಡಿದರೆ ತುಣುಕುಗಳು ಕಾಣುವವು. ಬಾವು ಕಾಣುವದಕ್ಕೆ ಮೊದಲೇ ರೋಗವು ತಿಳಿಯುವದು. ಲೋಳೆಸರದ ತಿರುಳು 250 ಗ್ರಾಂ, ಅರಿಶಿನಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಇವುಗಳನ್ನು ಅರೆದು ಕೆಚ್ಚಲಿಗೆ ದಿನಕ್ಕೆ ಹಲವು ಸಾರಿ ಹಚ್ಚುವ ಕ್ರಮವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯವರು ರೈತರಿಗೆ ಕಲಿಸುತ್ತಾ ಬಂದಿದ್ದಾರೆ. ರೋಗದ ಆರಂಭದಲ್ಲಿ ಇದನ್ನು ಮಾಡಿ ನೋಡಬಹುದು. ಆದರೆ ಎಮ್ಮೆಗೆ ಜ್ವರ ಬಂದು ಮೇವು ಬಿಟ್ಟಿದ್ದರೆ ಅರಿಶಿನವನ್ನು ನೆಚ್ಚಿ ಕೂಡ್ರದೆ ವೈದ್ಯರನ್ನು ಕರೆಯಿಸಿರಿ. 1962 ಎಂಬ ದೂರವಾಣಿ ಸಂಖ್ಯೆಯು ಅದಕ್ಕಾಗಿಯೇ ಇದೆ. ಅಂಗಡಿಯಿಂದ ಕೊಳವೆ ತಂದು ತಾನೇ ಹಾಕುವವನಿಗೆ ಅವಧಿಯನ್ನು ಹೇಳುವವರು ಯಾರೂ ಇರುವದಿಲ್ಲ.

ಹಾಲಿನೊಳಗಿನ ಔಷಧವನ್ನು ಕಂಡುಹಿಡಿಯುವ ಒಂದು ಪರೀಕ್ಷೆಯನ್ನು ತಿಳಿಸಿದರೆ ವಾಚಕರು ಸಂತೋಷಪಡುವರು, ಯಾಕಂದರೆ ಅದು ನಮ್ಮ ಮೊಸರಿನ ಗಡಿಗೆಯ ಸಂಗತಿಯೇ. ಚಿಕ್ಕ ಗಾಜಿನ ನಳಿಗೆಯಲ್ಲಿ ಔಷಧಕ್ಕೆ ಬಹು ಬೇಗ ಸಾಯುವಂಥ ಒಂದು ಜೀವಿಯನ್ನೂ ನೇರಳೆ ಬಣ್ಣವನ್ನೂ ಇಟ್ಟಿರುತ್ತಾರೆ. ಹಾಲು ಹಾಕಿ ಕೆಲವು ತಾಸು ಬೆಚ್ಚಗಿಟ್ಟರೆ ಜೀವಿಯು ಬೆಳೆದು ಹುಳಿಯನ್ನು ಹುಟ್ಟಿಸಿ ನೇರಳೆಯನ್ನು ಹಳದಿಯಾಗಿ ಮಾಡುವದು. ನೇರಳೆಯು ನೇರಳೆಯಾಗಿಯೇ ಉಳಿದರೆ ಹಾಲಿನಲ್ಲಿ ಅದನ್ನು ಕೊಂದದ್ದು ಏನೋ ಉಂಟು.

ಇಷ್ಟೆಲ್ಲಾ ಜಾಗ್ರತೆಯ ಮೇಲೆಯೂ ಒಂದು ಸಂಜೆ ತಪ್ಪು ನಡೆದೇಹೋದರೆ? ಬೀಗರ ಊರಿನಿಂದ ತಿರಿಗಿ ಬಂದ ಯಜಮಾನನು ವಿಷಯವನ್ನು ತಿಳಿದು ಸೊಸೆಯ ಮೇಲೆ ಕೂಗುವದರಲ್ಲಿ ಹೊತ್ತು ಕಳೆಯಬಾರದು. ಆರು ಹೊತ್ತಿನ ಹಾಲಿನ ದುಡ್ಡು ಬಡವನಿಗೆ ಸಣ್ಣದಲ್ಲವೆಂದು ನಾವು ಬಲ್ಲೆವು, ಸಂಘದವರು ಏನನ್ನುವರೋ ಎಂಬ ಭಯವನ್ನೂ ಬಲ್ಲೆವು. ಆದರೂ ಅವನು ಕೂಡಲೆ ಸಂಘದ ಕಾರ್ಯದರ್ಶಿಯ ಬಳಿಗೆ ಹೋಗಿ ನಮ್ಮ ಹಾಲಿನಲ್ಲಿ ಔಷಧ ಬಿದ್ದಿದೆ ಎಂದು ಹೇಳಬೇಕು. ಮನೆಮನೆಗೆ ಹಾಲು ಕೊಡುವವನಾದರೆ ಅದನ್ನು ಕೊಂಡ ಮನೆಗಳಿಗೆ ಹೋಗಿ ಹೇಳಬೇಕು. ಕ್ಯಾನು ಇನ್ನೂ ಕಟ್ಟೆಯ ಮೇಲಿರುವಾಗ ಹೇಳಿದರೆ ಚೆಲ್ಲಿಹೋಗುವದು ಒಂದು ಕ್ಯಾನು. ರಾತ್ರಿ ತಂಪು ತೊಟ್ಟಿಗೆ ಸುರಿದ ಮೇಲಾದರೆ ಇಡೀ ಊರಿನ ಹಾಲು. ಬೆಳಿಗ್ಗೆ ಟ್ಯಾಂಕರು ಹೊರಟ ಮೇಲೆ ಹೇಳಿದರೂ ಧಾರವಾಡಕ್ಕೆ ಮುಟ್ಟುವದರೊಳಗೆ ದೂರವಾಣಿಯಿಂದ ತಡೆಯಲಿಕ್ಕೆ ಸಮಯ ಉಂಟು.